ನಡುವಿನ ಶೀಟು

ಹೆಂಡತಿ ಬೈಯೋದನ್ನು ನಿಲ್ಲಿಸಿದ ದಿನವೇ ಪರಿಜೊ ಹೆದರಬೇಕಿತ್ತು. ಈ ಮಹಾನುಭಾವ ಹೆದರಲಿಲ್ಲ, ಖುಷಿಪಟ್ಟ. ಗಂಡಸರ ಬುದ್ಧಿಯೇ ಅಷ್ಟು, ಯಾರಿಗೆ ಹೇಳೋಣ!

ಜಾವಾದ ಸಲಾತಿಗ ಊರಿನಲ್ಲಿ ಮಳೆನೀರು ಕುಡಿದು ಹೊಟ್ಟೆ ಬಿಟ್ಟ ಸೀಲಿಂಗು ಯಾರ ಮನೆಯಲ್ಲೇ ಇರಲಿ, ಮೊದಲು ಹೇಳಿಕಳಿಸುತ್ತಿದ್ದದ್ದು ಪರಿಜೊಗೆ. ಕೆಟ್ಟ ಜಿಪ್ಸಮ್ ಶೀಟನ್ನು ಕತ್ತರಿಸಿ ತೆಗೆದು, ಹೊಸದನ್ನು ಸ್ಕ್ರೂ ಹೊಡೆದು ಕೂರಿಸಿ, ಸಂದಿಗೆ ಪಟ್ಟಿ ಅಂಟಿಸಿ, ಪುಟ್ಟಿ ಎಳೆದು, ಉಜ್ಜಿ, ಬಣ್ಣ ಬಳಿದು ಕೆಳಗಿಳಿದನೆಂದರೆ ಎಲ್ಲಿ ಸೋರುತ್ತಿತ್ತು ಅನ್ನೋದು ಮನೆಯವರಿಗೇ ಮರೆತುಹೋಗಬೇಕು. ಅಂಥಾ ಕೈ. ಅಂಥವನ ಸ್ವಂತ ಮನೆಯ ನಡುಮನೆಯಲ್ಲಿ ಎರಡು ಮಳೆಗಾಲದಿಂದ ಬಕೆಟ್ಟು ಕೂತಿತ್ತು. ಹೆಂಚು ಒಡೆದು ನೀರಿಳಿದು, ಮೊದಲು ತಟ್ಟೆಯಗಲ ಇದ್ದ ಕಂದು ಕಲೆ ಚಾಪೆಯಗಲ ಆಗಿತ್ತು. ನಡುವಿನ ಶೀಟು ಗಬ್ಬದ ಎಮ್ಮೆಯ ಹೊಟ್ಟೆಯ ಹಾಗೆ ಜೋತುಬಿದ್ದಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಈ ಮನುಷ್ಯನನ್ನು ನೋಡಿಯೇ ಹೇಳಿರಬೇಕು.

ಹೆಂಡತಿ ಸುರ್ತಿನಾ ಎರಡು ವರ್ಷ ಬಾಯಿ ತುಂಬ ಬೈದಳು. "ಅಲ್ಲ ಪಾಕ್ನೆ," ಅನ್ನುತ್ತಿದ್ದಳು. ಮಕ್ಕಳ ಅಪ್ಪನನ್ನು ಆ ಕಡೆ ಹಾಗೇ ಕರೆಯೋದು. "ಹಲ್ಲಿನ ಡಾಕ್ಟರ ಮನೇಲಿ ಕೂದಲೆಳೆಯಷ್ಟು ಬಿರುಕು ಬಂದ್ರೆ ನಿಂಗೆ ನಿದ್ದೆ ಬರಲ್ಲ. ನಮ್ಮನೇಲಿ ಆಕಾಶವೇ ಕಾಣಿಸ್ತಿದೆ, ಗೊರಕೆ ಹೊಡೀತೀಯಲ್ಲ, ನಿಂಗೇನಾದ್ರೂ ಮಾನ ಮರ್ಯಾದೆ ಇದೆಯಾ?"

"ನಾಳೆ ಮಾಡ್ತೀನಿ ಬುನೆ," ಅನ್ನುತ್ತಿದ್ದ ಇವನು. ಬುನೆ ಅಂದರೆ ಮಕ್ಕಳ ಅಮ್ಮ. ಹಾಗೆ ಕರೆದು ಮಗ್ಗುಲು ಬದಲಿಸಿದರೆ ಆ ದಿನದ ಸಂಸಾರ ಮುಗಿಯಿತು.

ಒಂದು ಬೆಳಿಗ್ಗೆ ಬೈಗುಳ ನಿಂತೇ ಹೋಯಿತು. "ಪಾಕ್ ಪರಿಜೊ, ಊಟಕ್ಕೆ ಬನ್ನಿ. ಇನ್ನು ಸ್ವಲ್ಪ ಸಾಂಬಲ್ ಚಟ್ನಿ ಬಡಿಸಲಾ?" ಅಂದಳು ಸುರ್ತಿನಾ, ಯಾರೋ ಪಕ್ಕದ ಓಣಿಯ ಹಿರಿಯರನ್ನು ಪಾಕ್, ಅಂದರೆ ಅಯ್ಯನವರೇ, ಅಂತ ಮಾತಾಡಿಸೋ ಹಾಗೆ. ಮಾತು ಬೆಣ್ಣೆ, ಮುಖ ಬೋಳು ಗೋಡೆ. ಜಾವಾದ ಹೆಂಗಸು ಕೂಗಾಡುತ್ತಿದ್ದರೆ ಸಂಸಾರ ನೆಟ್ಟಗಿದೆ ಅಂತ ಲೆಕ್ಕ. ಮೆತ್ತಗೆ ಮಾತಾಡಿದಳೋ, ಮನೆಗೆ ಬೆಂಕಿ ಬಿದ್ದ ಹಾಗೆ. ಮೊದಲ ಕೆಲವು ದಿನ ಪರಿಜೊ ಹಾಯಾಗಿ ಸಿಗರೇಟು ಸೇದಿಕೊಂಡಿದ್ದ. ಆಮೇಲೆ ಆ ಮರ್ಯಾದೆ ಮುಳ್ಳಿನ ಹಾಗೆ ಚುಚ್ಚತೊಡಗಿತು. ಇಪ್ಪತ್ತೇಳು ವರ್ಷ ಜೊತೆಗಿದ್ದ ಹೆಂಡತಿ ಅದೇ ಮನೆಯಲ್ಲಿ, ಅದೇ ಚಾಪೆಯ ಮೇಲೆ ಇದ್ದುಕೊಂಡೇ ಎಲ್ಲೋ ಹೊರಟುಹೋಗಿದ್ದಳು. ಅವಳು ವಾಪಸ್ ಬರಬೇಕು, ಅಷ್ಟೇ. ಹೇಗೆ ಅಂತ ಮಾತ್ರ ಅವನಿಗೆ ತಿಳಿಯಲಿಲ್ಲ. ಸೀಲಿಂಗು ರಿಪೇರಿ ಮಾಡಿದರೆ ಸಾಕು ಅಂತ ಯಾರಿಗಾದರೂ ಹೊಳೆಯುತ್ತೆ, ಇವನಿಗೆ ಹೊಳೆಯಲಿಲ್ಲ.

ಮಂಗಳವಾರ ಮಧ್ಯಾಹ್ನ ಮರೆತ ಕರಣೆ ತಗೊಂಡು ಹೋಗಲು ಮನೆಗೆ ಬಂದರೆ, ಜಗಲಿಯ ಕೆಳಗೆ ಯಾರದೋ ಚಪ್ಪಲಿ. ಒಳಗಿನಿಂದ ಟಕ್ ಟಕ್ ಸದ್ದು. ಮಣೆಯ ಮೇಲೆ ಬಿಸಿಬಿಸಿ ಬಾಳೆಹಣ್ಣಿನ ಬಜ್ಜಿ, ತೆಂಪೆ ಅನ್ನೋ ಸೋಯಾ ಬಿಲ್ಲೆ ಕರಿದದ್ದು, ಮುಚ್ಚಳದ ಗಾಜಿನ ಲೋಟದಲ್ಲಿ ಕಪ್ಪು ಕಾಫಿ. ಆ ಲೋಟ ಕಪಾಟಿನಿಂದ ಇಳಿಯೋದು ನೆಂಟರು ಬಂದರೆ ಮಾತ್ರ. ಪರಿಜೊ ಒಂದು ಸಲವೂ ಅದರಲ್ಲಿ ಕುಡಿದವನಲ್ಲ.

ನಡುಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಸೀಲಿಂಗನ್ನು ತಟ್ಟಿ ನೋಡುತ್ತಿದ್ದವನು ಗಿಯಾರ್ತೊ. ಊರಿನ ಇನ್ನೊಬ್ಬ ಸೀಲಿಂಗು ಕೆಲಸದವನು, ಪರಿಜೊಗಿಂತ ಹತ್ತು ವರ್ಷ ಚಿಕ್ಕವನು. ಇಬ್ಬರೂ ಒಂದೇ ಅಂಗಡಿಯಲ್ಲಿ ಪುಟ್ಟಿ ಕೊಳ್ಳುವವರು, ಒಂದೇ ಗಿರಾಕಿಗೆ ಕಣ್ಣಿಡುವವರು.

"ಪಾಕ್ ಪರಿಜೊ," ಅಂದಳು ಸುರ್ತಿನಾ, "ಇವರು ಪಾಕ್ ಗಿಯಾರ್ತೊ ಅಂತ. ಸೀಲಿಂಗು ಕೆಲಸ ಮಾಡ್ತಾರಂತೆ."

"ಮಾಡ್ತಾರಂತೆ" ಅನ್ನೋದು ನೋಡಿ! ಪರಿಜೊನ ಕಿವಿ ಕೆಂಪಾಯಿತು. ಗಿಯಾರ್ತೊ ಸ್ಟೂಲಿನ ಮೇಲೇ ಬೆವೆತುಹೋದ.

"ಅಯ್ಯೋ ಪಾಕ್, ಕ್ಷಮಿಸಿ," ಅಂದ. "ನಿಮ್ಮ ಮನೆ ಅಂತ ಗೊತ್ತು. ಬು ಸುರ್ತಿನಾ ಕರೆದ್ರು, ಇಲ್ಲ ಅನ್ನೋಕ್ಕಾಗಲಿಲ್ಲ."

"ಶುಕ್ರವಾರ ನಮ್ಮನೇಲಿ ಕುರಾನಿನ ಯಾಸೀನ್ ಓದೋ ಸರದಿ," ಅಂದಳು ಸುರ್ತಿನಾ, ಇಬ್ಬರನ್ನೂ ನೋಡದೆ. "ಓಣಿ ಹೆಂಗಸರೆಲ್ಲ ಬಂದು ಇಲ್ಲೇ ಚಾಪೆ ಮೇಲೆ ಕೂರೋರು. ಹೋದ ಎರಡು ಸಲ ತಲೆನೋವು ಅಂತ ಹೇಳಿ ಸರದಿ ಬೇರೆಯವರಿಗೆ ದಾಟಿಸಿದೆ. ಇನ್ನೊಂದು ಸಲ ಹೇಳಿದ್ರೆ ಬು ಹಾರ್ತಿ ನನ್ನನ್ನ ಆಸ್ಪತ್ರೆಗೇ ಕರ್ಕೊಂಡು ಹೋಗ್ತಾರೆ." ಬು ಹಾರ್ತಿ, ಅಂದರೆ ಹಾರ್ತಿ ಅಮ್ಮಾವ್ರು, ಓಣಿಯ ಮುಖ್ಯಸ್ಥನ ಹೆಂಡತಿ, ಪಕ್ಕದ ಮನೆಯಲ್ಲಿ ಯಾರು ಎಷ್ಟು ಸಲ ಸೀನಿದರು ಅಂತ ಅವಳಿಗೆ ಗೊತ್ತಿರುತ್ತಿತ್ತು.

ಸೀಲಿಂಗು ಕೆಲಸದವನ ಮನೆ ಸೀಲಿಂಗನ್ನು ಇನ್ನೊಬ್ಬ ಬಂದು ಮಾಡಿದ ಅಂತ ಊರಿಗೆ ಗೊತ್ತಾದರೆ ಮುಗಿಯಿತು, ಮಣ್ಣು ತಿಂದ ಹಾಗೆ. ಗಿಯಾರ್ತೊನ ಕಾಲು ಹಿಡಿದು ಕೆಳಗೆ ಎಳೆದು, ಚಪ್ಪಲಿ ಸಮೇತ ಆಚೆ ಎಸೆಯಬೇಕು ಅಂತ ಪರಿಜೊನ ಕೈ ತುರಿಸಿತು. ಬಾಯಿ ಮಾತ್ರ ಬೇರೆಯೇ ಹೇಳಿತು.

"ಛೆ ಛೆ, ಏನಂತ ಕ್ಷಮೆ? ನೀವು ಕೈ ಹಾಕಿದ್ರೆ ನಂಗೆ ನೆಮ್ಮದಿ. ಮಾಡಿ, ಮಾಡಿ."

"ನೀವಿರೋವಾಗ ನಾನ್ಯಾಕೆ ಪಾಕ್? ನೀವು ಹಿರಿಯರು. ನಾನು ಇಳೀತೀನಿ."

"ಅಯ್ಯೋ, ಇಳೀಬೇಡಿ. ಶುರು ಮಾಡಿದ್ದೀರಲ್ಲ."

"ಬರೀ ತಟ್ಟಿ ನೋಡ್ದೆ ಅಷ್ಟೇ. ನೀವೇ ಬನ್ನಿ ಮೇಲೆ."

"ನೀವೇ ಇರಿ."

"ಬಜ್ಜಿ ತಣ್ಣಗಾಗುತ್ತೆ," ಅಂದಳು ಸುರ್ತಿನಾ.

ಕೆಲಸದವರಿಗೆ ಹೊತ್ತು ಹೊತ್ತಿಗೆ ಕಾಫಿ ತಿಂಡಿ ಕೊಡದ ಮನೆಯೇ ಇಲ್ಲ ಆ ಕಡೆ. ಕೊಟ್ಟದ್ದನ್ನು ಮುಟ್ಟದೆ ಎದ್ದುಹೋದರೆ ಮನೆಯೊಡತಿಗೆ ಅವಮಾನ. ಹೀಗಾಗಿ ಗಿಯಾರ್ತೊ ಇಳಿದು ಕೂತ. ಇವನೊಬ್ಬನನ್ನೇ ತಿನ್ನಲು ಬಿಟ್ಟರೆ ಚೆನ್ನಾಗಿರಲ್ಲ ಅಂತ ಪರಿಜೊನೂ ಕೂತ. ಇಬ್ಬರೂ "ನೀವು ತಗೊಳ್ಳಿ" "ನೀವು ತಗೊಳ್ಳಿ" ಅನ್ನುತ್ತಾ ತಟ್ಟೆ ಖಾಲಿ ಮಾಡಿದರು. ಸುರ್ತಿನಾ ಇನ್ನೊಂದು ತಟ್ಟೆ ತಂದಿಟ್ಟಳು. ಸಂಜೆಯಾಯಿತು. ಸೀಲಿಂಗು ಇದ್ದ ಹಾಗೇ ಇತ್ತು. ಪರಿಜೊನ ಹೊಟ್ಟೆ ಮಾತ್ರ ಸೀಲಿಂಗಿಗೆ ಸಮನಾಗಿ ಜೋತಿತ್ತು.

ಬುಧವಾರ ಗಿಯಾರ್ತೊ ಸಾಮಾನು ತಂದು ಕೆಲಸ ಹಿಡಿದ. ಬರೋದು ಬೇಡ ಅನ್ನೋ ಧೈರ್ಯ ಪರಿಜೊಗಿಲ್ಲ. ಬರಲ್ಲ ಅನ್ನೋ ಧೈರ್ಯ ಗಿಯಾರ್ತೊಗಿಲ್ಲ. ಗೋಡೆಯ ಪಕ್ಕದ ಶೀಟುಗಳ ಮೇಲೆ ಬೂಷ್ಟು ಹಿಡಿದದ್ದನ್ನು ಕೆರೆದು, ಸಂದಿಗಳಿಗೆ ಹೊಸ ಪಟ್ಟಿ ಅಂಟಿಸಿ, ಪುಟ್ಟಿ ಎಳೆದ. ಕೆಲಸ ಅಚ್ಚುಕಟ್ಟು. ಆದರೆ ನಡುವಿನ ಶೀಟಿನ ಹತ್ತಿರ ಬಂದಾಗ ಅವನ ಕೈ ನಿಂತಿತು. ಅದೇ ಮುಖ್ಯ ಕೆಲಸ. ಶೀಟು ಕತ್ತರಿಸಬೇಕು, ಮೇಲೆ ಹತ್ತಿ ಒಡೆದ ಹೆಂಚು ಬದಲಾಯಿಸಬೇಕು. ಹಿರಿಯನ ಮನೆಯ ಮಾಡಿಗೆ ಕಿರಿಯನು ಹತ್ತೋದೇ? ಹತ್ತಿದರೆ, ನಿಮಗೆ ಕೆಲಸ ಬರಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ.

ಸಂಜೆ ಪರಿಜೊ ಬಂದಾಗ ಗಿಯಾರ್ತೊ ಕೇಳಿದ, "ನಡುವಿಂದು ಏನು ಮಾಡೋಣ ಪಾಕ್?"

ಪರಿಜೊಗೆ ಹೇಳಬೇಕಾಗಿದ್ದದ್ದು ಒಂದೇ ಮಾತು: ಕಿತ್ತು ಹಾಕು. ಆದರೆ ಇನ್ನೊಬ್ಬ ಕೆಲಸದವನಿಗೆ ಹೀಗೆ ಮಾಡು ಅಂತ ಹೇಳೋದು ಅಂದರೆ, ನಿನಗೆ ಗೊತ್ತಿಲ್ಲ ಅಂದ ಹಾಗೆ. ಅಂಥಾ ಒರಟು ಮಾತು ಅವರಪ್ಪನಾಣೆ ಅವನ ಬಾಯಿಂದ ಬಾರದು.

"ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ," ಅಂದ.

ಇವನು ಸುಮ್ಮನೆ ಹೇಳಿದ್ದಲ್ಲ, ಕೆಲಸ ಪೂರ್ತಿ ಅವನಿಗೇ ಬಿಟ್ಟುಕೊಟ್ಟೆ ಅಂದುಕೊಂಡು ಹೊಟ್ಟೆ ಉರಿದುಕೊಂಡೇ ಹೇಳಿದ್ದು. ಗಿಯಾರ್ತೊ ತಲೆಯಾಡಿಸಿದ. ಇಷ್ಟು ವಿನಯವಾಗಿ ಹೇಳಬೇಕಾದರೆ ನಡುವಿನದು ತನಗೇ ಇರಲಿ, ಮುಟ್ಟಬೇಡ ಅನ್ನುತ್ತಿದ್ದಾರೆ ಅಂತ ಅವನ ತೀರ್ಮಾನ. ಆ ಊರಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು. ಇಬ್ಬರೂ ಕೈಮುಗಿದು ಬೇರೆಯಾದರು.

ಗುರುವಾರ ಸುರ್ತಿನಾ ಗಿಯಾರ್ತೊನನ್ನು ಹಿಡಿದುಕೊಂಡಳು. "ಪಾಕ್, ಆ ಕಲೆ ಇನ್ನೂ ಹಾಗೇ ಇದೆ. ನಾಳೆ ಹೆಂಗಸರು ಬಂದಾಗ ಅದು ಕಾಣಬಾರದು."

"ಆಗ್ಲಿ ಬು," ಅಂದ ಗಿಯಾರ್ತೊ. ಆಗಲ್ಲ ಅನ್ನೋ ಮಾತು ಅವನ ಮನೆತನದಲ್ಲೇ ಇರಲಿಲ್ಲ. ಪರಿಜೊ ರಾತ್ರಿ ಶೀಟು ಬದಲಾಯಿಸುತ್ತಾರೆ, ಅಲ್ಲಿಯವರೆಗೆ ಈ ಹೆಂಗಸಿನ ಸಮಾಧಾನಕ್ಕಿರಲಿ ಅಂತ, ಜೋತಿದ್ದ ಶೀಟನ್ನು ಒತ್ತಿ ಎತ್ತಿ ನಾಲ್ಕು ಸ್ಕ್ರೂ ಹೊಡೆದು, ಕಲೆ ಬಿಟ್ಟುಕೊಳ್ಳದ ಹಾಗೆ ಎಣ್ಣೆ ಪ್ರೈಮರು ಹಚ್ಚಿ, ಮೇಲೆ ಬಿಳಿ ಬಣ್ಣ ಎಳೆದ. ಎರಡು ಮೂರು ದಿನದಿಂದ ಮಳೆ ಬೇರೆ ಬಂದಿರಲಿಲ್ಲ. ಶೀಟು ಒಣಗಿ ಹಗುರಾಗಿ, ಒಳ್ಳೆಯ ಮಗುವಿನ ಹಾಗೆ ಹೇಳಿದಲ್ಲಿ ಕೂತಿತು.

ಸಂಜೆ ಮನೆಗೆ ಬಂದ ಪರಿಜೊಗೆ ಬಾಗಿಲಲ್ಲೇ ಹೊಸ ಬಣ್ಣದ ವಾಸನೆ ಬಡಿಯಿತು. ಕಣ್ಣಂಚಿನಲ್ಲಿ ಬೆಳ್ಳಗೆ ಕಂಡಿತು. ಅವನು ತಲೆ ಎತ್ತಲಿಲ್ಲ. ಎತ್ತಿದರೆ ನೋಡಬೇಕು, ನೋಡಿದರೆ ಮೆಚ್ಚಬೇಕು. ಯಾಕೆ ಬೇಕು? ಊಟ ಮಾಡುವಾಗಲೂ ತಟ್ಟೆಯೊಳಗೇ ಮುಖ ಇಟ್ಟುಕೊಂಡಿದ್ದ.

"ಚೆನ್ನಾಗಾಗಿದೆ ಅಲ್ವಾ ಪಾಕ್ ಪರಿಜೊ?" ಅಂದಳು ಸುರ್ತಿನಾ.

"ಹೂಂ," ಅಂದ ಅವನು, ತಟ್ಟೆಯಲ್ಲಿದ್ದ ಮೀನಿಗೆ.

ಊರಿನ ಸೀಲಿಂಗುಗಳನ್ನೆಲ್ಲ ಓರೆಗಣ್ಣಲ್ಲಿ ನೋಡಿ ತಪ್ಪು ಹಿಡಿಯುವ ಮನುಷ್ಯ ತನ್ನ ಮನೆಯ ಸೀಲಿಂಗನ್ನು ಮಾತ್ರ ಒಂದು ಸಲ ನೆಟ್ಟಗೆ ನೋಡಲಿಲ್ಲ. ಜಂಬ ಅನ್ನೋದು ಕುತ್ತಿಗೆ ಹಿಡಿದರೆ ಹಾಗೇ ಆಗೋದು.

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಹೆಂಗಸರು ಬಂದರು. ನಡುಮನೆ ತುಂಬ ಬಣ್ಣಬಣ್ಣದ ತಲೆವಸ್ತ್ರ. ಬು ಹಾರ್ತಿಗೆ ಗೌರವದ ಜಾಗ, ಅಂದರೆ ಚಾಪೆಯ ನಟ್ಟನಡುವೆ. ಅವಳು ಕೂತೊಡನೆ ಮೇಲೆ ನೋಡಿ, "ಅಬ್ಬಾ, ಎಷ್ಟು ಬೆಳ್ಳಗಿದೆ! ಸೀಲಿಂಗಿನವರ ಹೆಂಡ್ತಿ ಆಗಬೇಕು ನೋಡಿ," ಅಂದಳು. ಸುರ್ತಿನಾ ನಕ್ಕಳು. ಜಗಲಿಯಲ್ಲಿ ಕೂತಿದ್ದ ಪರಿಜೊಗೆ ಆ ನಗು ಕೇಳಿಸಿತು. ಎಷ್ಟು ದಿನವಾಗಿತ್ತು ಅದನ್ನು ಕೇಳಿ! ಗಿಯಾರ್ತೊ ತರಿಸಿದ ನಗು ಅದು ಅಂತ ನೆನಪಾಗಿ ಎದೆ ಕಹಿಯಾಯಿತು.

ಅಷ್ಟರಲ್ಲಿ ಗಿಯಾರ್ತೊನೇ ಬಂದ. ಅವನ ಹೆಂಡತಿಯೂ ಒಳಗಿದ್ದಳು, ಅವಳನ್ನು ಕರೆದುಕೊಂಡು ಹೋಗಲು ಬಂದದ್ದು. ಬೆಟ್ಟದ ಕಡೆಯಿಂದ ಕಪ್ಪು ಮೋಡ ಇಳಿದು ಮಳೆ ಧೋ ಅಂತ ಸುರಿಯತೊಡಗಿತು. ಇಬ್ಬರೂ ಜಗಲಿಯ ಬೆಂಚಿನ ಮೇಲೆ ಒತ್ತಿಕೊಂಡು ಕೂತರು. ಒಳಗೆ ಓದು ಶುರುವಾಗಿತ್ತು.

"ನಡುವಿನ ಶೀಟು ಎಷ್ಟು ಚೆನ್ನಾಗಿ ಕೂರಿಸಿದ್ದೀರಿ ಪಾಕ್," ಅಂದ ಗಿಯಾರ್ತೊ. "ಕಿಟಕಿಯಿಂದ ನೋಡ್ದೆ. ಸಂದೀನೇ ಕಾಣಲ್ಲ."

"ನನ್ನನ್ಯಾಕೆ ಹೊಗಳ್ತೀರಿ? ಕೂರಿಸಿದ್ದು ನೀವು," ಅಂದ ಪರಿಜೊ, ಹಲ್ಲು ಕಚ್ಚಿಕೊಂಡು.

"ಇಲ್ಲ ಪಾಕ್, ನೀವು."

"ವಿನಯ ಸಾಕು ಪಾಕ್. ನೀವೇ."

"ದೇವರಾಣೆ ನಾನಲ್ಲ. ನಾನು ಹಳೇದರ ಮೇಲೆ ಬಣ್ಣ ಎಳೆದೆ ಅಷ್ಟೇ. ರಾತ್ರಿ ನೀವು ಬದಲಾಯಿಸಿದ್ರಲ್ಲ?"

ಪರಿಜೊ ಅವನ ಮುಖ ನೋಡಿದ. ಅವನು ಪರಿಜೊನ ಮುಖ ನೋಡಿದ.

"ಹೆಂಚು?" ಅಂದ ಪರಿಜೊ, ಸಣ್ಣ ದನಿಯಲ್ಲಿ.

"ಅದೂ ನೀವೇ ಅಂತ..."

ಇಬ್ಬರೂ ಒಟ್ಟಿಗೆ ಎದ್ದು ಕಿಟಕಿಗೆ ಮೂಗು ಹಚ್ಚಿದರು. ಬು ಹಾರ್ತಿಯ ನೆತ್ತಿಯ ಮೇಲೆ, ಬೆಳ್ಳಗಿನ ಸೀಲಿಂಗು ಮೆಲ್ಲಗೆ, ಬಹಳ ಮೆಲ್ಲಗೆ, ಮತ್ತೆ ಹೊಟ್ಟೆ ಬಿಡುತ್ತಿತ್ತು. ನಾಲ್ಕು ಸ್ಕ್ರೂಗಳ ಸುತ್ತ ಬಣ್ಣ ಬಿರಿದಿತ್ತು. ನೋಡುತ್ತಿದ್ದ ಹಾಗೆ ಒಂದು ಹನಿ ಇಳಿದು ಬು ಹಾರ್ತಿಯ ಮೂಗಿನ ಮೇಲೆ ಬಿತ್ತು. ಅವಳು ಓದು ನಿಲ್ಲಿಸದೆ ಮೂಗು ಒರೆಸಿಕೊಂಡಳು.

ಪರಿಜೊ ಬಾಗಿಲಿಗೆ ಓಡಿ, ಅಂಚಿನಲ್ಲಿ ಕೂತಿದ್ದ ಹೆಂಡತಿಗೆ ಪಿಸುಗುಟ್ಟಿದ: "ಬುನೆ, ಅವರನ್ನ ಸ್ವಲ್ಪ ಪಕ್ಕಕ್ಕೆ ಸರಿಸು."

"ಪಾಕ್ ಪರಿಜೊ, ಓದು ನಡೀತಿದೆ," ಅಂದಳು ಅವಳು, ಅದೇ ಬೆಣ್ಣೆ ದನಿಯಲ್ಲಿ. "ದಯವಿಟ್ಟು ಹೊರಗಿರಿ."

ಇನ್ನು ಉಳಿದದ್ದು ಒಂದೇ ದಾರಿ. ಪರಿಜೊ ಪ್ಲಾಸ್ಟಿಕ್ ಸ್ಟೂಲು ಎತ್ತಿಕೊಂಡು ಹೆಂಗಸರ ಕೂಟದೊಳಗೆ ಕಾಲಿಟ್ಟ. ಕೂತವರ ನಡುವೆ ನೆಟ್ಟಗೆ ನಡೆಯೋದು ಒರಟುತನ. ಸೊಂಟ ಬಗ್ಗಿಸಿ, ಬಲಗೈ ಕೆಳಗೆ ಚಾಚಿ, ಅಪ್ಪಣೆ ಕೇಳುತ್ತಾ ಹೋಗಬೇಕು. ಮಾಡು ತಲೆ ಮೇಲೆ ಬೀಳುತ್ತಿದ್ದರೂ ಈ ಪುಣ್ಯಾತ್ಮ ಹಾಗೇ ಹೋದ! ಎಡಗೈಯಲ್ಲಿ ಸ್ಟೂಲು, ಬಲಗೈ ನೆಲಕ್ಕೆ, "ಅಪ್ಪಣೆ ಬು... ಅಪ್ಪಣೆ ಬು..." ಅಂತ ಒಬ್ಬೊಬ್ಬರಿಗೂ ತಲೆ ಬಾಗಿಸುತ್ತಾ. ನಡುವಿಗೆ ಬಂದು ಸ್ಟೂಲು ಹತ್ತಿ, ಎರಡೂ ಅಂಗೈಯಲ್ಲಿ ಸೀಲಿಂಗನ್ನು ಒತ್ತಿ ಹಿಡಿದ. ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗಿತ್ತು.

ಓದು ನಡುವೆ ನಿಲ್ಲಿಸುವ ಹಾಗಿಲ್ಲ. ಹೆಂಗಸರು ಬಾಯಲ್ಲಿ ಓದುತ್ತಾ ಕಣ್ಣಲ್ಲಿ ಇವನನ್ನೇ ನೋಡುತ್ತಿದ್ದರು. ಮೊಣಕೈಯಿಂದ ನೀರು ಇಳಿದು ಅವನ ಕಂಕುಳು ಸೇರುತ್ತಿತ್ತು. ಇನ್ನೊಂದು ಸ್ಟೂಲು ಹಿಡಿದು ಗಿಯಾರ್ತೊನೂ ಹಾಗೇ ಬಗ್ಗಿಕೊಂಡು ಬಂದು ಪಕ್ಕದಲ್ಲಿ ಹತ್ತಿದ.

"ನಾನು ಹಿಡೀತೀನಿ ಪಾಕ್, ನೀವು ಸುಧಾರಿಸ್ಕೊಳ್ಳಿ," ಅಂತ ಪಿಸುಗುಟ್ಟಿದ.

"ಛೆ, ನೀವು ನಮ್ಮ ಮನೆ ಅತಿಥಿ."

ಕಡೆಯ ಆಮೀನ್ ಮುಗಿದದ್ದೇ ಬು ಹಾರ್ತಿ ಕತ್ತೆತ್ತಿ ಕೇಳಿದಳು, "ಪಾಕ್ ಪರಿಜೊ, ಏನಾದ್ರೂ ತೊಂದರೆನಾ?"

"ಏನಿಲ್ಲ ಬು. ಹಾಗೇ ನೋಡ್ತಿದ್ದೆ," ಅಂದ ಅವನ ಬಾಯಿ, ಅಭ್ಯಾಸಬಲ.

ಆಗ ಅವನಿಗೆ ಸುರ್ತಿನಾ ಕಂಡಳು. ತಿಂಡಿಯ ತಟ್ಟೆ ಕೈಯಲ್ಲಿ ಹಿಡಿದು, ಬಣ್ಣ ಕಳೆದುಕೊಂಡ ಮುಖದಲ್ಲಿ, ಇನ್ನೂ ನಗಲು ನೋಡುತ್ತಿದ್ದಳು. ಇಡೀ ಓಣಿಯ ಎದುರು ಮಾನ ಉಳಿಸಿಕೊಳ್ಳಲು ಒಬ್ಬಳೇ ಹೆಣಗುತ್ತಿದ್ದ ಹೆಂಗಸು. ಎರಡು ವರ್ಷದಿಂದ ಅವಳು ಹೆಣಗಿದ್ದು ಹೀಗೆಯೇ, ಒಬ್ಬಳೇ. ಪರಿಜೊಗೆ ತಡೆಯಲಾಗಲಿಲ್ಲ.

"ಏಳ್ರಮ್ಮಾ!" ಅಂತ ಕೂಗಿದ. ಆ ಮನೆಯಲ್ಲಿ ಅವನು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. "ಎಲ್ಲರೂ ಆಚೆ ಸರೀರಿ! ಇದು ಬೀಳುತ್ತೆ! ಎರಡು ವರ್ಷದಿಂದ ಸೋರ್ತಿದೆ, ಇವಳು ಹೇಳ್ತಾನೇ ಇದ್ದಳು, ನಾನು ಮಾಡಿಲ್ಲ! ಇವಳ ತಪ್ಪೇನೂ ಇಲ್ಲ! ಇವಳಿಗೆ ತಲೆನೋವೂ ಇರ್ಲಿಲ್ಲ, ಎಲ್ಲ ಸುಳ್ಳು, ನನ್ನಿಂದಾಗಿ ಹೇಳಿದ್ದು!"

ಹೆಂಗಸರು ಚಾಪೆ, ಚೀಲ, ಪುಸ್ತಕ ಎತ್ತಿಕೊಂಡು ಗೋಡೆಗೆ ಓಡಿದರು. ಬು ಹಾರ್ತಿಯ ಓಟ ನೋಡುವ ಹಾಗಿತ್ತು. ಅವಳು ಗೋಡೆ ಮುಟ್ಟಿದಳೋ ಇಲ್ಲವೋ, ಧೊಪ್ ಅಂತ ನಡುವಿನ ಶೀಟು ಕಳಚಿ ಪರಿಜೊನ ನೆತ್ತಿಗೇ ಬಿತ್ತು. ತಲೆ ಅದರೊಳಗೆ ತೂರಿ ಈಚೆ ಬಂತು. ಹಿಂದೆಯೇ ಮಾಡಿನ ಕೊಳೆನೀರು. ಗಿಯಾರ್ತೊ ಅರ್ಧ ಒದ್ದೆ, ಪರಿಜೊ ಪೂರ್ತಿ. ಕೊರಳಿಗೆ ಹಾರದ ಹಾಗೆ ಒದ್ದೆ ಶೀಟು ಹಾಕಿಕೊಂಡು, ಹುಬ್ಬಿನ ಮೇಲೆ ಪುಟ್ಟಿ ಮೆತ್ತಿಕೊಂಡು, ಅವನು ಸ್ಟೂಲಿನ ಮೇಲೆ ನಿಂತೇ ಇದ್ದ.

ಸುರ್ತಿನಾ ತಟ್ಟೆ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸುವ ಹಾಗೆ ತಲೆವಸ್ತ್ರದ ತುದಿಗೆ ಕೈ ಒರೆಸಿಕೊಂಡಳು. ಮುಂದೆ ಬಂದಳು.

"ಮುಂಡೇದೇ!" ಅಂದಳು.

ಬು ಹಾರ್ತಿ ಹೌಹಾರಿದಳು. ಪರಿಜೊನ ಎದೆಯೊಳಗೆ ಏನೋ ಬಿಚ್ಚಿಕೊಂಡಿತು.

"ಮುಂಡೇದೇ, ಎರಡು ವರ್ಷ! ಬಕೆಟ್ಟಿನ ಪಕ್ಕದಲ್ಲಿ ಮಲಗಿದೀನಿ ಎರಡು ವರ್ಷ! ಟಪ್ ಅಂದಾಗೆಲ್ಲ ಎದ್ದು ನೀರು ಚೆಲ್ಲಿದೀನಿ, ನೀನು ಎದ್ದಿದೀಯಾ ಒಂದು ದಿನ? ಊರವರ ಮನೆ ಮಾಡೆಲ್ಲ ನಿಂದು, ನಿನ್ನ ಹೆಂಡ್ತಿ ತಲೆ ಮೇಲಿನ ಮಾಡು ಯಾರದೋ! ಬೇರೆ ಗಂಡಸಿಗೆ ಬಜ್ಜಿ ಕರಿದು ಕೊಟ್ಟೆ ಕಣೋ, ಯಾಕೆ ಗೊತ್ತಾ? ನನ್ನ ಮಾತು ಕೇಳಿ ಒಬ್ಬನಾದ್ರೂ ಈ ಮನೇಲಿ ಸ್ಟೂಲು ಹತ್ತಲಿ ಅಂತ! ಕೊನೆಗೆ ಇಬ್ಬರೂ ಸೇರಿ, ನೀವು ಮಾಡಿ, ನೀವು ಮಾಡಿ ಅಂತ ನನ್ನ ಮಾನ ಕಳೆದ್ರಲ್ಲ! ಏನು ನಿಂತಿದೀಯ ಗರಬಡಿದವನ ಹಾಗೆ? ನಗ್ತಾ ಬೇರೆ ಇದೀಯಾ! ಹತ್ತು ಮೇಲೆ ಪಾಕ್ನೆ, ಹತ್ತು! ಇನ್ನೂ ಸುರೀತಿದೆ!"

ಪಾಕ್ನೆ ಅಂದಳು! ಪರಿಜೊ ಕೊರಳಿನ ಶೀಟು ಹರಿದೆಸೆದು ಏಣಿ ತಂದ. ಗಿಯಾರ್ತೊ ಬಾಯಿ ತೆರೆಯುವ ಮೊದಲೇ ಸುರ್ತಿನಾ ಅವನತ್ತ ತಿರುಗಿ, "ನೀವು ಏಣಿ ಹಿಡ್ಕೊಳ್ಳಿ, ಮಾತಾಡಬೇಡಿ," ಅಂದಳು. ಅವನು ಹಿಡಿದುಕೊಂಡ. ಗೋಡೆಗೆ ಒತ್ತಿಕೊಂಡಿದ್ದ ಹೆಂಗಸರಲ್ಲಿ ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಎಲ್ಲರೂ ನಕ್ಕರು, ಬು ಹಾರ್ತಿ ಎಲ್ಲರಿಗಿಂತ ಜೋರಾಗಿ. "ನಮ್ಮನೇಲೂ ಇಂಥದ್ದೇ ಒಂದಿದೆ, ಅಡಿಗೆಮನೆ ನಲ್ಲಿ ಮೂರು ವರ್ಷದಿಂದ ತೊಟ್ಟಿಕ್ತಿದೆ," ಅಂದಳು. ತಾವೇ ಚಾಪೆ ಮೂಲೆಗೆಳೆದು, ತಿಂಡಿಯ ತಟ್ಟೆ ನಡುವಿಗಿಟ್ಟುಕೊಂಡು ಕೂತರು. ಯಾರಿಗೂ ಮನೆಗೆ ಹೋಗುವ ಆತುರ ಇರಲಿಲ್ಲ.

ಪರಿಜೊ ತೂತಿನೊಳಗೆ ತೂರಿ, ಅಡ್ಡಪಟ್ಟಿಗಳ ಮೇಲೆ ಅಂಗಾತ ಮಲಗಿ, ಮೇಲಿನ ಹೆಂಚುಗಳನ್ನು ತಡವಿದ. ಕೆಳಗೆ, ಸೀಲಿಂಗಿನ ಚೌಕದಲ್ಲಿ, ಸುರ್ತಿನಾ ಕತ್ತೆತ್ತಿ ನಿಂತಿದ್ದಳು. ಕೈಯಲ್ಲಿ ಉದ್ದ ಪೊರಕೆ.

"ಎಡಗಡೆ!" ಅಂತ ಪೊರಕೆ ತೋರಿಸಿದಳು. "ಎಡಗಡೆ ಅಂದ್ನಲ್ಲ! ಎರಡು ವರ್ಷ ಕೆಳಗೆ ಮಲಗಿ ನೋಡಿರೋಳು ನಾನು, ನಂಗೆ ಗೊತ್ತಿಲ್ವಾ ಎಲ್ಲಿ ಸೋರುತ್ತೆ ಅಂತ?"

ಪರಿಜೊನ ಕೈ ಒಡೆದ ಹೆಂಚಿನ ಮೇಲೇ ಇತ್ತು. ಹತ್ತಿದ ಕೂಡಲೇ ಸಿಕ್ಕಿತ್ತು ಅದು. ಬಿರುಕಿನಿಂದ ನೀರು ಅವನ ಅಂಗೈಗೆ ಸುರಿಯುತ್ತಿತ್ತು. ಅವನು ಕೈಯನ್ನು ಬೇಕೆಂದೇ ಪಕ್ಕದ ಹೆಂಚಿಗೆ ಸರಿಸಿದ.

"ಇದಾ ಬುನೆ?" ಅಂತ ಕೇಳಿದ.

"ಅದಲ್ವೋ! ಕಣ್ಣು ಎಲ್ಲಿಟ್ಕೊಂಡಿದೀಯ? ಇನ್ನೂ ಎಡಕ್ಕೆ!"

"ಇದಾ?"

"ಅಯ್ಯೋ ನನ್ನ ಕರ್ಮವೇ!" ಅಂದಳು ಸುರ್ತಿನಾ. ಮುಖದ ಮೇಲೆ ಬಿದ್ದ ನೀರು ಒರೆಸಿಕೊಂಡು, ಪೊರಕೆ ಇನ್ನಷ್ಟು ಮೇಲೆತ್ತಿ, ಅವನಿಗೆ ಮತ್ತೆ ಮೊದಲಿನಿಂದ ಹೇಳತೊಡಗಿದಳು.